ಹರಳೆಣ್ಣೆಯ ಒಳಲೆ

ತಿಂಗಳಿಗೊಂದು ಭಾನುವಾರ ನಮ್ಮ ಮನೆಯಲ್ಲಿ ಮಕ್ಕಳ ಹೊಟ್ಟೆ ತೊಳೆಯುವ ದಿನ. ಅಜ್ಜಿ ಹಿತ್ತಲ ಬಾಗಿಲಿಗೆ ಅಡ್ಡವಾಗಿ ಮಣೆ ಹಾಕಿಕೊಂಡು, ಸೀರೆ ಎತ್ತಿ ಕಟ್ಟಿ, ಬಲಗೈಯಲ್ಲಿ ಹಿತ್ತಾಳೆಯ ಒಳಲೆ ಹಿಡಿದು ಕೂತಳೆಂದರೆ ಆ ದಾರಿಯಲ್ಲಿ ಇಲಿಯೂ ನುಸುಳುವಂತಿರಲಿಲ್ಲ. ಒಳಲೆಯೆಂದರೆ ಹಸುಗೂಸಿಗೆ ಹಾಲು ಕುಡಿಸಲು ಒಂದು ಕಡೆ ಮೂತಿ ಚಾಚಿದ ಪುಟ್ಟ ಬಟ್ಟಲು. ನಮ್ಮ ಪಾಲಿಗೆ ಅದರಲ್ಲಿ ಹಾಲು ಬಂದ ನೆನಪೇ ಇಲ್ಲ, ಬಂದದ್ದೆಲ್ಲ ಹರಳೆಣ್ಣೆ. ಹೊಲದ ಬದುವಿನ ಹರಳುಬೀಜ ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಅಜ್ಜಿಯೇ ತೆಗೆಯುತ್ತಿದ್ದಳು. ದೀಪಕ್ಕೂ ಅದೇ, ತಲೆಗೂ ಅದೇ, ನಮ್ಮ ಶಿಕ್ಷೆಗೂ ಅದೇ. ನನ್ನ ಇಬ್ಬರು ತಮ್ಮಂದಿರಲ್ಲಿ ಒಬ್ಬ ರಾಗಿ ತುಂಬುವ ವಾಡೆಯೊಳಗೆ, ಇನ್ನೊಬ್ಬ ಎತ್ತಿನ ಗೊಂತಿನ ಕೆಳಗೆ ಅಡಗುತ್ತಿದ್ದರು. ನಾನು ಹಿರಿಯವಳು, ಬುದ್ಧಿವಂತೆ, ಅಡಗುವುದು ವ್ಯರ್ಥ ಎಂದು ಗೊತ್ತಿದ್ದೂ ಅಟ್ಟದ ಮೇಲಿರುತ್ತಿದ್ದೆ. ಅಜ್ಜಿ ನಮ್ಮ ತಲೆಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿ, ಮೂಗು ಹಿಡಿದು, ಉಸಿರಿಗೆ ಬಾಯಿ ತೆರೆದ ಗಳಿಗೆಯಲ್ಲಿ ಹುಯ್ಯುತ್ತಿದ್ದಳು.

"ನುಂಗು ಸಾಕಿ. ನುಂಗಿದ್ಯಾ? ಎಲ್ಲಿ, ಬಾಯ್ ತೆಗಿ ನೋಡ್ತೀನಿ."

ಸಾಕಿ ಅಂದರೆ ನಾನು. ಆಮೇಲೆ ಒಂದು ಚೂರು ಬೆಲ್ಲ. ಆಮೇಲೆ ಮಧ್ಯಾಹ್ನದವರೆಗೆ ಮೂವರೂ ಬೇಲಿಯಾಚೆಗೆ ಓಟ.

ಹೊಸೂರಿನಾಚೆ, ತಳಿ ಎಂಬ ಪೇಟೆಯ ಕಡೆಯ ಚಳಿಯೂರು ನಮ್ಮದು. ಮನೆಯಲ್ಲಿ ನಡುಮನೆ ಒಂದೇ ದೊಡ್ಡದು, ಅದರ ಅರ್ಧ ಎತ್ತುಗಳಿಗೆ, ಉಳಿದರ್ಧ ನಮಗೆ. ಚಳಿಗಾಲದಲ್ಲಿ ಎತ್ತುಗಳ ಉಸಿರೇ ನಮ್ಮ ಕಂಬಳಿ. ಮುಂದುಗಡೆ ಅಪ್ಪ ತಾನೇ ಕಡೆದು ಕೂರಿಸಿದ ಚಪ್ಪಡಿಯ ಜಗಲಿ. ನಾಲ್ಕೆಕರೆ ರಾಗಿಹೊಲ ನಮ್ಮನ್ನು ಎಂಟು ತಿಂಗಳು ಸಾಕುತ್ತಿತ್ತು, ಉಳಿದ ನಾಲ್ಕು ತಿಂಗಳಿಗೆ ಅಪ್ಪ ಊರಾಚೆಯ ಬಂಡೆಯಲ್ಲಿ ಕಲ್ಲು ಹೊಡೆಯಲು ಹೋಗುತ್ತಿದ್ದ. ಆ ಬಂಡೆಯಲ್ಲಿ ನಲವತ್ತು ಜನ. ಅವರೆಲ್ಲ ಸೇರಿ ಒಂದು ಸಂಘ ಕಟ್ಟಿಕೊಂಡಿದ್ದರು, ಅಪ್ಪನೇ ಅದರ ತಲೆಯಾಳು. ಭಾನುವಾರ ಸಂಜೆ ನಮ್ಮ ಜಗಲಿಯ ಮೇಲೆ ಸಭೆ ಸೇರುತ್ತಿತ್ತು. ಸಂಘದ ಆಸ್ತಿಯೆಂದರೆ ಒಂದು ಗಜ ಕೆಂಪು ಬಟ್ಟೆ. ಇಲಿ ಕಡಿಯದಿರಲಿ ಅಂತ ಅದನ್ನು ಮಡಿಸಿ ರಾಗಿ ವಾಡೆಯ ಮೇಲಿನ ಮಡಕೆಯಲ್ಲಿ ಇಡುತ್ತಿದ್ದರು. ಅಜ್ಜಿಗೆ ಸಂಘ ಅರ್ಥವಾಗದ ವಿಷಯವೇನಲ್ಲ. ನಾಟಿಗೆ, ಕಳೆಗೆ, ಕೊಯ್ಲಿಗೆ ಇವತ್ತು ನಿನ್ನ ಹೊಲ, ನಾಳೆ ನನ್ನ ಹೊಲ ಎಂದು ಮುಯ್ಯಾಳು ಮಾಡಿಕೊಂಡೇ ಬದುಕಿದವಳು ಅವಳು.

"ಮುಯ್ಯಿ ಅಂದ್ರೂ ಇದೇ ಅಲ್ವೇನ್ಲಾ ಮುನಿಯಾ? ಅದಕ್ಕೊಂದು ಬಾವುಟ ಬೇರೆ ಕೇಡು!" ಎಂದು ಅಪ್ಪನನ್ನು ಛೇಡಿಸುತ್ತಿದ್ದಳು. ಆದರೆ ಆ ಬಟ್ಟೆಗೆ ನುಸಿ ಹಿಡಿಯದಂತೆ ಬೇವಿನೆಲೆ ಹಾಕುತ್ತಿದ್ದವಳೂ ಅವಳೇ.

ಎರಡನೇ ಮಹಾಯುದ್ಧದ ಕೊನೆಕೊನೆಯ ವರ್ಷಗಳು. ಹೊಸೂರಿಂದ ಬರುವ ಬಸ್ಸು ಬೆನ್ನ ಹಿಂದೆ ಒಲೆ ಹೊತ್ತುಕೊಂಡು ಇದ್ದಿಲು ತಿಂದು ಓಡುತ್ತಿತ್ತು. ಏರು ಬಂದರೆ ಜನ ಇಳಿದು ತಳ್ಳಬೇಕು. ಆ ಬಸ್ಸಿನಲ್ಲೇ ಒಂದು ದಿನ ನಾಲ್ವರು ಬಿಳಿಯರು ಬಂದಿಳಿದರು. ನಮ್ಮ ಹಳ್ಳದ ಮೇಲೆ ದಂಡಿನ ಲಾರಿಗಳಿಗಾಗಿ ಸೇತುವೆ ಕಟ್ಟುತ್ತಿದ್ದರು. ಆ ಕೆಲಸಕ್ಕೆ ಬೆಂಗಳೂರಿನ ಕ್ಯಾಂಪಿನಲ್ಲಿದ್ದ ಇಟಲಿಯ ಯುದ್ಧಕೈದಿಗಳಲ್ಲಿ ಗಾರೆ ಕೆಲಸ ಬಲ್ಲವರನ್ನು ಕಳಿಸಿದ್ದರಂತೆ. ಕಾವಲಿಗೆ ಒಬ್ಬ ಸಿಪಾಯಿ. ಅವನು ಬಂದೂಕನ್ನು ಹುಣಸೆಮರಕ್ಕೆ ಒರಗಿಸಿ ಮಲಗಿದರೆ ಊಟದ ಹೊತ್ತಿಗೇ ಏಳುತ್ತಿದ್ದುದು. ಅಪ್ಪ ಕಲ್ಲು ಕಡೆದು ಕೊಟ್ಟರೆ ಕೂರಿಸುತ್ತಿದ್ದವನ ಹೆಸರು ಪಿಯೆತ್ರೋ. ನಮ್ಮೂರಿನವರ ಬಾಯಲ್ಲಿ ಪೇತ್ರಪ್ಪನಾದ. ಮೂರು ವರ್ಷದ ಸೆರೆಯಲ್ಲಿ ಅರ್ಧ ತಮಿಳು, ಕಾಲು ಕನ್ನಡ ಕಲಿತಿದ್ದ, ಉಳಿದದ್ದನ್ನು ಕೈಯಲ್ಲೇ ಹೇಳುತ್ತಿದ್ದ. ಕಲ್ಲನ್ನು ಬೆರಳ ಗಿಣ್ಣಿನಿಂದ ತಟ್ಟಿ ಕಿವಿಗೊಟ್ಟು, ಒಳಗೆ ಬಿರುಕಿದೆಯೋ ಇಲ್ಲವೋ ಹೇಳುವುದು ಅಪ್ಪನಿಗೂ ಗೊತ್ತು, ಅವನಿಗೂ ಗೊತ್ತು. ಅಷ್ಟು ಸಾಕಾಯಿತು, ಒಂದು ಮಧ್ಯಾಹ್ನ ಅಪ್ಪ ಅವನನ್ನು ಉಣ್ಣಲು ಕರೆತಂದ.

ಅಜ್ಜಿ ಅವನಿಗೆ ಜಗಲಿಯ ಮೇಲೆ ಎಲೆ ಹಾಕಿಸಿದಳು. ಎಲ್ಲಿಯವನೋ, ಯಾವ ಕುಲವೋ. ಒಳಗೆ ಅಮ್ಮ ಹಿಟ್ಟಿನ ಕೋಲಿನಲ್ಲಿ ರಾಗಿ ತೊಳಸಿ, ಬಿಸಿಬಿಸಿ ಹಿಟ್ಟನ್ನು ಹಲಗೆಯ ಮೇಲೆ ಬೋರಲು ಹಾಕುತ್ತಿದ್ದಳು. ಬಾಗಿಲ ಸಂದಿಯಿಂದ ಅದನ್ನು ಕಂಡ ಪೇತ್ರಪ್ಪ ಎದ್ದು ನಿಂತ. "ಪೊಲೆಂತಾ!" ಎಂದು ಕೂಗಿ, ಯಾರ ಅಪ್ಪಣೆಗೂ ಕಾಯದೆ ಹೊಸ್ತಿಲು ದಾಟಿ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಅಮ್ಮ ಹೆದರಿ ಕೋಲನ್ನೇ ಎತ್ತಿ ಹಿಡಿದಳು. ಅವನ ಊರಲ್ಲೂ ಮುಸುಕಿನ ಜೋಳದ ಹಿಟ್ಟನ್ನು ಹೀಗೇ ತೊಳಸಿ, ಹೀಗೇ ಹಲಗೆಗೆ ಸುರಿದು, ಮನೆಮಂದಿಯೆಲ್ಲ ಸುತ್ತ ಕೂತು ತಿನ್ನುತ್ತಾರಂತೆ. ಅಂಗಿಯ ಅಂಚಿನಿಂದ ಒಂದು ದಾರ ಎಳೆದು, ಎರಡು ಕೈಯಲ್ಲಿ ಬಿಗಿದು ಹಿಡಿದು, ಹಿಟ್ಟಿನ ಗುಡ್ಡೆಯನ್ನು ಸರಸರನೆ ಹೋಳು ಮಾಡಿಟ್ಟ.

"ಅಯ್ಯೋ ಶಿವನೇ, ಉಣ್ಣೋ ಇಟ್ಟನ್ನ ದಾರ ಹಾಕಿ ಕುಯ್ತಾನಲ್ಲ!" ಎಂದು ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡಳು. "ಏನ್ಲಾ ಪೇತ್ರ, ಅಗೀತೀಯಲ್ಲೋ! ಅಗೀಬ್ಯಾಡ, ನುಂಗು!"

ಅವಳ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಅವತ್ತಿನ ಅವರೆಕಾಳಿನ ಹುಳಿಯಲ್ಲಿ ಅವನು ಐದು ಮುದ್ದೆ ಉಂಡ. ಮುಂದಿನ ಸಲ ಎಲೆ ನಡುಮನೆಯಲ್ಲೇ ಬಿತ್ತು. ಕುಲ ಯಾವುದೆಂದು ಅಜ್ಜಿ ಮತ್ತೆ ಕೇಳಲಿಲ್ಲ. ಹಿಟ್ಟು ಉಣ್ಣುವ ಕುಲ ಎಂದು ತೀರ್ಮಾನಿಸಿದ್ದಳೆಂದು ಕಾಣುತ್ತದೆ.

ಬಂಡೆಯ ಕಂಟ್ರಾಕ್ಟರು ಪಾಪಯ್ಯನೆಂಬಾತ ಹೊಸೂರಿನವನು. ಯುದ್ಧ ಅವನಿಗೆ ಚೆನ್ನಾಗಿ ಹತ್ತಿತ್ತು. ಬೆಂಗಳೂರಿನ ಟೆಂಟಿನಲ್ಲಿ ಸಿನಿಮಾಕ್ಕೆ ಮೊದಲು ತೋರಿಸುವ ಯುದ್ಧದ ಚಿತ್ರಗಳಲ್ಲಿ ಸಾಲುಸಾಲು ಜನ ಒಂದೇ ಸಮ ಕಾಲೆತ್ತಿ ನಡೆದು, ಒಬ್ಬನ ಮುಂದೆ ಕೈ ಮುಂಚಾಚಿ ಸಲಾಮು ಹೊಡೆಯುವುದನ್ನು ನೋಡಿ ಬಂದಿದ್ದ. ಹಾಗೆ ನಡೆದವರು ಆಗಲೇ ಸೋಲುತ್ತಿದ್ದರು ಎನ್ನುವುದು ಅವನ ತಲೆಗೆ ಹೋಗಿರಲಿಲ್ಲ. ನಮ್ಮ ಜಗಲಿಯ ಮೇಲೆ ಕಾಲಿನ ಮೇಲೆ ಕಾಲು ಹಾಕಿ ಕೂತು ಹೇಳಿದ:

"ನೋಡು ಮುನಿಯಪ್ಪ, ಒಬ್ಬ ಹೇಳ್ಬೇಕು, ಮಿಕ್ಕೋರು ಕೇಳ್ಬೇಕು. ಆಗ್ಲೇ ದೇಶ ಉದ್ಧಾರ. ಸೇತುವೆ ತೆರೆಯೋಕೆ ಸೇಲಂನಿಂದ ದೊಡ್ಡ ಆಫೀಸರು ಬತ್ತಾರೆ. ನಲವತ್ತು ಜನಾನೂ ತೋಳಿಗೆ ಹಳದಿ ಪಟ್ಟಿ ಕಟ್ಕೊಂಡು ಸಾಲಾಗಿ ನಡೀಬೇಕು. ಅವ್ರ ಮುಂದೆ ಪ್ರಮಾಣ ಮಾಡ್ಬೇಕು. ಸಂಘ ಬಿಟ್ವಿ, ಪಾಪಯ್ಯನೋರು ಹೇಳ್ದಂಗೆ ಕೇಳ್ತೀವಿ ಅಂತ. ಕಟ್ದೋರಿಗೆ ಬಂಡೆ ಐತೆ. ಕಟ್ಟದೆ ಇರೋರಿಗೆ ಇಲ್ಲ."

ಹಿಂದಿನ ವರ್ಷ ಇದೇ ಪಾಪಯ್ಯ ಅಪ್ಪನನ್ನು ಒಂದು ಸುಗ್ಗಿಯಷ್ಟು ಕಾಲ ಬಂಡೆಗೆ ಸೇರಿಸಿರಲಿಲ್ಲ. ಆಗ ತುಂಬು ಬಸುರಿಯಾಗಿದ್ದ ಅಮ್ಮ ಕಂಡವರ ಹೊಲದಲ್ಲಿ ಕಳೆ ಕಿತ್ತಿದ್ದಳು. ಆ ಕೂಸು ಉಳಿಯಲಿಲ್ಲ. ಅಪ್ಪ ಅಮ್ಮನ ಕಡೆ ಒಮ್ಮೆ ನೋಡಿ, "ಆಗ್ಲಿ" ಅಂದ.

ಯುದ್ಧದ ಕಾಲದಲ್ಲಿ ಬಣ್ಣ ಎಲ್ಲಿ ಸಿಗಬೇಕು? ಪಾಪಯ್ಯ ಒಂದು ತಾನು ಬಿಳಿ ಬಟ್ಟೆ ತಂದು ಅಜ್ಜಿಯ ಮುಂದೆ ಹಾಕಿ, ಅರಿಶಿನದಲ್ಲೇ ಅದ್ದಿ ಕೊಡಮ್ಮ ಅಂದ. ತನ್ನ ತಲೆಯ ರುಮಾಲನ್ನೂ ಕೊಟ್ಟ. ಮದುವೆ ಮನೆಗಳ ಬಟ್ಟೆಗೆಲ್ಲ ಅರಿಶಿನ ಕಟ್ಟಿ ಕೊಡುತ್ತಿದ್ದವಳು ಅಜ್ಜಿಯೇ. ಅವಳು ಬಟ್ಟೆಯನ್ನು ಎತ್ತಿಟ್ಟುಕೊಂಡಳು, ಅವನು ಹೋದ ಮೇಲೆ, "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಉಗಿದಳು. ನಾನು ಮಾತ್ರ ಕುಣಿದಾಡಿದೆ. ಒಪ್ಪಿಕೊಂಡುಬಿಡುತ್ತೇನೆ, ನನಗೆ ಆ ಪಟ್ಟಿಗಳ ಮೇಲೆ ಆಸೆ ಹುಟ್ಟಿತ್ತು. ಅಷ್ಟೊಂದು ಹಳದಿಯನ್ನು ಒಟ್ಟಿಗೆ ನಾನು ಹುಚ್ಚೆಳ್ಳು ಹೂವಿನ ಕಾಲದಲ್ಲಿ ಬಿಟ್ಟರೆ ಕಂಡಿರಲಿಲ್ಲ. ಹಿತ್ತಲಲ್ಲಿ ಪಟ್ಟಿ ಅದ್ದಿ ಹಗ್ಗದ ಮೇಲೆ ಹರವುವಾಗ ಒಂದನ್ನು ತೋಳಿಗೆ ಕಟ್ಟಿಕೊಂಡು, ತಮ್ಮಂದಿರನ್ನು ಹಿಂದೆ ನಿಲ್ಲಿಸಿ, ಲೆಫ್ಟ್ ರೈಟ್ ಎಂದು ಕೋಳಿಗಳನ್ನೆಲ್ಲ ಚೆದುರಿಸಿದೆ. ಅಜ್ಜಿ ಎಲೆಯಡಿಕೆಗೆ ಸುಣ್ಣ ಹಚ್ಚುತ್ತಿದ್ದವಳು ಅದೇ ಕೈಯಲ್ಲಿ ನನ್ನ ತೋಳಿಂದ ಪಟ್ಟಿ ಕಿತ್ತಳು. ಒದ್ದೆ ಹಳದಿಯ ಮೇಲೆ ಅವಳ ಹೆಬ್ಬೆರಳು ಕುಂಕುಮದ ಕೆಂಪಾಗಿ ಮೂಡಿತು. ಅರಿಶಿನಕ್ಕೆ ಸುಣ್ಣ ತಗುಲಿದರೆ ಕೆಂಪಾಗುವುದು ಯಾವ ಹೆಂಗಸಿಗೆ ಗೊತ್ತಿಲ್ಲ? ಆರತಿ ನೀರು ಮಾಡುವುದೇ ಹಾಗೆ. ಆದರೂ ಅಜ್ಜಿ ಆ ಗುರುತನ್ನು ಒಂದು ಗಳಿಗೆ ನೋಡುತ್ತ ನಿಂತಳು. ಆ ಪಟ್ಟಿಯನ್ನು ಮತ್ತೆ ಅದ್ದದೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮರುದಿನ ಭಾನುವಾರ, ಹರಳೆಣ್ಣೆಯ ಸರದಿ. ಊಟಕ್ಕೆ ಕರೆದಿದ್ದ ಪೇತ್ರಪ್ಪ ಬೇಗನೆ ಬಂದುಬಿಟ್ಟಿದ್ದ. ಹಿತ್ತಲಿಗೆ ಬಂದವನು ಕಂಡದ್ದು ಇಷ್ಟು: ಹಗ್ಗದ ತುಂಬ ಪಟ್ಟಿಗಳು, ಅವುಗಳ ಕೆಳಗೆ ಅಜ್ಜಿಯ ಮೊಣಕಾಲ ನಡುವೆ ಒದ್ದಾಡುತ್ತಿರುವ ನಾನು, ನನ್ನ ಮೂಗು ಹಿಡಿದ ಕೈ, ಬಾಯಿಗೆ ಬರುತ್ತಿರುವ ಎಣ್ಣೆ. ವಾಸನೆಯೂ ಬಡಿದಿರಬೇಕು. ಒಂದೇ ನೆಗೆತಕ್ಕೆ ಬಂದು ಅಜ್ಜಿಯ ಕೈಯಿಂದ ಒಳಲೆ ಕಿತ್ತು ಗೋಡೆಗೆ ಎಸೆದ.

"ಬೇಡ! ಅಮ್ಮಾ, ಬೇಡ! ಬೇಡ!"

ಎತ್ತುಗಳ ಕಡೆಯಿಂದ ಅಪ್ಪ ಓಡಿಬಂದ. ಹೊರಗಿನ ಗಂಡಸು ಮನೆಯ ಹಿರಿಯಳ ಕೈ ಹಿಡಿದು ಜಗ್ಗುವುದೆಂದರೇನು? ಆದರೆ ಪೇತ್ರಪ್ಪನ ಮುಖದ ಬಣ್ಣವೇ ಹೋಗಿತ್ತು. ಅಜ್ಜಿ ಅಪ್ಪನಿಗೆ ಸುಮ್ಮನಿರು ಎಂದು ಕೈಮಾಡಿ, ಅವನನ್ನು ಒಗೆಯುವ ಕಲ್ಲಿನ ಮೇಲೆ ಕೂರಿಸಿ ನೀರು ಕೊಟ್ಟಳು.

"ನನ್ನ ಅಪ್ಪ," ಅಂದ ಅವನು. "ಕಲ್ಲು ಕೆಲಸ. ಮುನಿಯಪ್ಪ ಮಾದಿರಿ. ಸಂಘ ಇದೆ. ಸಂಘಕ್ಕೆ ಮನೆ ಇದೆ. ನಾನು ಇಷ್ಟು ಎತ್ತರ." ನನ್ನ ತಲೆಯ ಮೇಲೆ ಕೈಯಿಟ್ಟು ತೋರಿಸಿದ. "ಕಪ್ಪು ಅಂಗಿ ಜನ ಬಂತು. ಸಂಘ ಬಿಡು, ಕೈ ಎತ್ತು, ನಮಗೆ ಸಲಾಂ ಹಾಕು. ಅಪ್ಪ ಇಲ್ಲ ಅಂತು. ಮನೆಗೆ ಬೆಂಕಿ. ಅಪ್ಪನ್ನ ಕುರ್ಚಿಗೆ ಕಟ್ಟು. ಈ ಎಣ್ಣೆ, ಇದೇ ಎಣ್ಣೆ. ಒಂದು ಬಾಟಲಿ. ಮೂಗು ಹಿಡಿ, ಕುಡಿ, ಕುಡಿ."

ಆಮೇಲೆ ಆದದ್ದನ್ನು ಅವನು ಕೈಯಲ್ಲೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಮೂವರು ಮಕ್ಕಳಿಗೂ ಗೊತ್ತಿತ್ತು. ಆ ಸ್ಥಿತಿಯಲ್ಲೇ ಅವನ ಅಪ್ಪನನ್ನು ಊರಿನ ನಡುಬೀದಿಯಲ್ಲಿ ನಡೆಸಿದರಂತೆ. ಊರು ನೋಡಿ ನಗಲಿ ಅಂತ.

"ನಕ್ರಾ?" ಅಜ್ಜಿ ಕೇಳಿದಳು.

"ಇಲ್ಲ. ಒಬ್ಬ ಇಲ್ಲ. ಬೀದಿ ಹೆಂಗಸರು ಎಲ್ಲ ಬಂತು. ಕೈಯಲ್ಲಿ ನೀರು. ಅಪ್ಪ ನಡೆಯಿತು, ಹಿಂದೆ ಹೆಂಗಸರು ನೀರು ಹಾಕಿತು, ಬೀದಿ ತೊಳೆಯಿತು. ಮನೆವರೆಗೆ. ಮತ್ತೆ ಹಲಗೆ ತಂತು, ಪೊಲೆಂತಾ ತಂತು. ಎಲ್ಲ ಕೂತು ತಿಂತು."

ಅದೇ ಕಪ್ಪಂಗಿಯವರು ಮುಂದೆ ಇವನ ಕೈಗೆ ಬಂದೂಕು ಕೊಟ್ಟು ಮರಳುಗಾಡಿನ ಯುದ್ಧಕ್ಕೆ ಅಟ್ಟಿದ್ದರು. ಫ್ಯಾಸಿಸ್ಟ್ ಎಂಬ ಪದವನ್ನು ನಾನು ಪುಸ್ತಕದಲ್ಲಿ ಓದಿದ್ದು ಇಪ್ಪತ್ತು ವರ್ಷಗಳ ಮೇಲೆ. ಓದಿದ ಕೂಡಲೇ ಮೂಗಿಗೆ ಹರಳೆಣ್ಣೆಯ ವಾಸನೆ ಬಂತು.

"ನೀರು ತಕಂಡು ಬಂದ್ರು ಅಂದ್ಯಾ?" ಎಂದು ಅಜ್ಜಿ ಮತ್ತೊಮ್ಮೆ ಕೇಳಿದಳು. ಗೋಡೆಯ ಬುಡದಲ್ಲಿ ಮೂತಿ ಸೊಟ್ಟಗಾಗಿ ಬಿದ್ದಿದ್ದ ಒಳಲೆ ಎತ್ತಿಕೊಂಡು ಒಳಗೆ ಹೋದಳು. ಊಟಕ್ಕೆ ಕೂತಾಗ ಅಪ್ಪನಿಗೂ ಅವಳಿಗೂ ಜಗಳ ಹತ್ತಿತು.

"ಅದು ಅವ್ರ ದೇಸದ ಕತೆ ಅವ್ವ. ಇಲ್ಲಿ ಒಂದು ಬಟ್ಟೆ ಚೂರು, ಅಷ್ಟೇಯ. ಕಟ್ಕೊಂಡು ನಾಕು ಹೆಜ್ಜೆ ನಡುದ್ರೆ ಮಕ್ಳ ಹೊಟ್ಟೆ ತುಂಬ್ತದೆ."

"ಬಟ್ಟೆ ಚೂರು ಅಷ್ಟೇ ಆದ್ರೆ ಅದು ಅವನಿಗ್ಯಾಕ್ಲಾ ಅಷ್ಟು ಬೇಕು?"

ಅಪ್ಪ ಅರ್ಧಕ್ಕೇ ಎದ್ದು ಕೈ ತೊಳೆದ. ಮೆರವಣಿಗೆಗೆ ಇನ್ನು ಮೂರೇ ದಿನ. ಅಪ್ಪ ಸರಿಯಾಗಿ ಉಣ್ಣುತ್ತಿರಲಿಲ್ಲ. ಮಡಕೆಯಿಂದ ಆ ಕೆಂಪು ಬಟ್ಟೆ ತೆಗೆದು ನೋಡುವುದು, ಮತ್ತೆ ಇಡುವುದು. ಅವನು ಪಟ್ಟಿ ಕಟ್ಟಿದರೆ ಉಳಿದವರೆಲ್ಲ ಕಟ್ಟುತ್ತಾರೆ, ಸಂಘ ಅಲ್ಲಿಗೆ ಮುಗಿಯಿತು. ಕಟ್ಟದಿದ್ದರೆ ಅಮ್ಮ ಮತ್ತೆ ಕಂಡವರ ಹೊಲಕ್ಕೆ. ಇದು ನನಗೂ ಗೊತ್ತಿತ್ತು. ಲೆಫ್ಟ್ ರೈಟ್ ಆಟ ಬಿಟ್ಟುಬಿಟ್ಟಿದ್ದೆ. ಅಜ್ಜಿ ಮಾತ್ರ ಆ ಮೂರು ದಿನವೂ ಬಲು ಉಲ್ಲಾಸದಲ್ಲಿದ್ದಳು. ಅವರೆಕಾಯಿ ಸುಲಿಯುವ ನೆಪದಲ್ಲಿ ಮನೆಮನೆಗೆ ಹೋಗಿ ಬರುತ್ತಿದ್ದಳು. ಹಿತ್ತಲಲ್ಲಿ ದೊಡ್ಡ ಹಂಡೆಯಲ್ಲಿ ಸುಣ್ಣ ನೆನೆಹಾಕಿದಳು. ಗೋಡೆಗೆ ಬಳಿಯಲು ಅಂದಳು. ಸುಣ್ಣ ಬಳಿಯುವ ಹಬ್ಬ ಯಾವುದೂ ಹತ್ತಿರದಲ್ಲಿರಲಿಲ್ಲ.

ಆಫೀಸರಿಗೆ ಊರಿನ ಸ್ವಾಗತ ಜೋರಾಗಿರಬೇಕು ಎಂದು ಪಾಪಯ್ಯನೇ ಹೇಳಿದ್ದ: ಬೀದಿಯ ಎರಡೂ ಕಡೆ ಹೆಂಗಸರು ಚೆಂಬು ಹಿಡಿದು ನಿಂತು, ಮಾವಿನ ಸೊಪ್ಪಿನಲ್ಲಿ ಮೆರವಣಿಗೆಯ ಮೇಲೆ ನೀರು ಚಿಮುಕಿಸಬೇಕು. ನಿಂತರು. ಒಬ್ಬಳೂ ತಪ್ಪಿಸಿಕೊಂಡಿರಲಿಲ್ಲ. ತಮಟೆ ಶುರುವಾಯಿತು. ನಲವತ್ತು ಜನ, ನಲವತ್ತು ಹಳದಿ ತೋಳು, ಎಲ್ಲರಿಗಿಂತ ಮುಂದೆ ಹಳದಿ ರುಮಾಲಿನ ಪಾಪಯ್ಯ, ಅವನ ಹಿಂದೆ ಮೊದಲನೆಯವನಾಗಿ ತಲೆ ತಗ್ಗಿಸಿಕೊಂಡ ನನ್ನಪ್ಪ. ಅಪ್ಪನ ತೋಳಿನಲ್ಲಿ ಆ ಬಣ್ಣ ಕಂಡು ನಾನು ಅಮ್ಮನ ಹಿಂದಕ್ಕೆ ಸರಿದೆ. ಸೇತುವೆಯ ಬಳಿ ಆಫೀಸರು ಕುರ್ಚಿಯಲ್ಲಿ ಕೂತಿದ್ದರು, ಆಚೆ ಕೈದಿಗಳು ಸಾಲಾಗಿ ನಿಂತಿದ್ದರು.

ಅಜ್ಜಿ ಸಾಲಿನ ಮೊದಲಲ್ಲಿದ್ದಳು. ಚೆಂಬಿನ ನೀರು ತಿಳಿಯಾಗಿತ್ತು, ಕುಡಿಯುವ ನೀರಿನಷ್ಟೇ ತಿಳಿ. ಸುಣ್ಣ ತಳಕ್ಕಿಳಿದ ಮೇಲೆ ಬಗ್ಗಿಸಿಕೊಂಡ ನೀರು ಹಾಗೇ ಇರುತ್ತದೆ. ಸೊಪ್ಪು ಅದ್ದಿ ಮಗನ ತೋಳಿಗೆ ಎರಚಿದಳು. ಹನಿ ಬಿದ್ದಲ್ಲೆಲ್ಲ ಕೆಂಪು. ಪಕ್ಕದವಳು ಎರಚಿದಳು, ಎದುರಿನವಳು ಎರಚಿದಳು, ಆಮೇಲೆ ಸೊಪ್ಪಿನ ಗೊಡವೆಯೇ ಇಲ್ಲದೆ ಓಕುಳಿಯ ಹಾಗೆ ಚೆಂಬು ಚೆಂಬೇ ಸುರಿದರು. ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ನಲವತ್ತು ಪಟ್ಟಿಗಳೂ ಕೆಂಪಾಗಿದ್ದವು. ಪಾಪಯ್ಯ ಏನಾಯಿತೆಂದು ಹಿಂದಿರುಗಿ ನೋಡಿದ. ಅಷ್ಟರಲ್ಲಿ ಅಮ್ಮ, ಯಾರ ಮುಂದೆಯೂ ತಲೆಯೆತ್ತದ ನನ್ನಮ್ಮ, ತನ್ನ ಚೆಂಬನ್ನು ಅವನ ರುಮಾಲಿನ ಮೇಲೆ ಪೂರ್ತಿ ಬಗ್ಗಿಸಿದಳು.

ಪಾಪಯ್ಯನ ಹಣೆಯಿಂದ ಕೆನ್ನೆಗೆ ಕೆಂಪು ಇಳಿಯುತ್ತಿತ್ತು. ಅಪ್ಪ ತನ್ನ ತೋಳು ನೋಡಿಕೊಂಡ. ಅಜ್ಜಿಯ ಕಡೆ ನೋಡಿದ. ಅವನ ಮೀಸೆ ಅದುರಿತು, ಹೊಟ್ಟೆ ಅದುರಿತು, ಆಮೇಲೆ ಬಂಡೆ ಸಿಡಿದಂಥ ನಗು.

"ನಮ್ ಬಣ್ಣ ಬಂತು ಕಣ್ರೋ!" ಎಂದು ಕೆಂಪು ತೋಳನ್ನು ಮೇಲೆತ್ತಿದ.

ನಲವತ್ತು ತೋಳೂ ಎದ್ದವು. ನಗು ಬೀದಿಯುದ್ದಕ್ಕೂ ಹೊತ್ತಿಕೊಂಡಿತು. ಸೇಲಂನ ಆಫೀಸರು ಇದೇ ಈ ಸೀಮೆಯ ಪದ್ಧತಿ ಎಂದುಕೊಂಡು "ರೊಂಬ ನಲ್ಲಾ ಇರುಕ್ಕು", ಬಲು ಚೆನ್ನಾಗಿದೆ, ಎಂದು ಚಪ್ಪಾಳೆ ತಟ್ಟಿದರು. ಅವರು ತಟ್ಟಿದ ಮೇಲೆ ಪಾಪಯ್ಯ ಬಯ್ಯುವುದು ಹೇಗೆ? ಹಲ್ಲು ಕಿರಿದು ನಿಂತ. ಪ್ರಮಾಣದ ಮಾತು ಯಾರಿಗೂ ನೆನಪಾಗಲಿಲ್ಲ. ಪೇತ್ರಪ್ಪ ಸೇತುವೆಯ ಕಟ್ಟೆಯ ಮೇಲೆ ಕುಸಿದು ಕೂತು, ನಗುತ್ತ ನಗುತ್ತ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಹುಣಸೆಹುಳಿ ತಿಕ್ಕಿದ್ದರೆ ಆ ಪಟ್ಟಿಗಳು ಮತ್ತೆ ಹಳದಿಯಾಗುತ್ತಿದ್ದವು. ಊರಿನ ಪ್ರತಿ ಹೆಂಗಸಿಗೂ ಗೊತ್ತಿತ್ತು. ಒಬ್ಬಳೂ ಬಾಯಿ ಬಿಡಲಿಲ್ಲ.

ಮರುದಿನ ಪಾಪಯ್ಯ ಯಾರೂ ಬಂಡೆಗೆ ಬರಕೂಡದು ಎಂದು ಹೇಳಿಕಳಿಸಿದ. ಯಾರೂ ಹೋಗಲಿಲ್ಲ. ಹೆಂಗಸರು ಮುಯ್ಯಿಯ ಲೆಕ್ಕದಲ್ಲೇ ಇವತ್ತು ನಿಮ್ಮನೆ ಹಿಟ್ಟು, ನಾಳೆ ನಮ್ಮನೆ ಹಿಟ್ಟು ಎಂದು ದಿನ ತಳ್ಳಿದರು. ನಮ್ಮ ಸರದಿಯ ದಿನ ನಡುಮನೆ, ಜಗಲಿ, ಹಿತ್ತಲು ಎಲ್ಲ ಕಡೆ ಜನ. ಎತ್ತುಗಳಿಗೇ ಜಾಗವಿರಲಿಲ್ಲ. ದಂಡಿನವರ ರಸ್ತೆಗೆ ಕಲ್ಲು ಒಪ್ಪಿಸುವ ಗಡುವು ಹತ್ತಿರ ಬಂದಾಗ ಪಾಪಯ್ಯನೇ ಆಳು ಕಳಿಸಿ ಕರೆಸಿಕೊಂಡ. ಪಟ್ಟಿಯ ಸುದ್ದಿ ಎತ್ತಲಿಲ್ಲ. ಅಜ್ಜಿಯನ್ನು ಮಾತ್ರ ಒಮ್ಮೆ ಕೇಳಿದನಂತೆ, ಹಿಂಗ್ಯಾಕಮ್ಮ ಮಾಡ್ದೆ ಅಂತ.

"ವಯಸ್ಸಾಯ್ತಲ್ಲ ಸ್ವಾಮಿ, ಕುಡಿಯೋ ನೀರ್ಯಾವುದು, ಸುಣ್ಣದ ನೀರ್ಯಾವುದು, ಕಣ್ಣಿಗೆ ಗೊತ್ತಾಗಲ್ಲ," ಅಂದಳಂತೆ. ಸಾಯುವವರೆಗೂ ಅದೇ ಮಾತು. ಸೂಜಿಗೆ ದಾರ ಪೋಣಿಸಲು ಅವಳಿಗೆ ಯಾರ ಸಹಾಯವೂ ಬೇಕಿರಲಿಲ್ಲ.

ಯುದ್ಧ ಮುಗಿದು ಪೇತ್ರಪ್ಪ ತನ್ನೂರಿಗೆ ಹೊರಟಾಗ ಅಜ್ಜಿ ಅವನಿಗೆ ಹೊಸ ಹಿಟ್ಟಿನ ಕೋಲೊಂದನ್ನು ಕೊಟ್ಟಳು. ಅವನು ಇದ್ದಿಲ ಬಸ್ಸನ್ನು ಏರಿನಲ್ಲಿ ಎಲ್ಲರ ಜೊತೆ ತಳ್ಳುತ್ತ, ಕೋಲನ್ನು ಕಂಕುಳಲ್ಲಿ ಇರುಕಿಕೊಂಡೇ ಹೋದ. ನಾನು ಮುಂದೆ ಹೊಸೂರಿನ ಕಾರ್ಖಾನೆಗಳ ಗೇಟಿನ ಮುಂದೆ ಹೆಂಗಸರ ಜೊತೆ ಎಷ್ಟೋ ಸಲ ಕೂತಿದ್ದೇನೆ, ಕೂಗಿದ್ದೇನೆ. ಇದೆಲ್ಲ ಎಲ್ಲಿ ಕಲಿತೆ ಎಂದು ಹುಡುಗಿಯರು ಕೇಳಿದರೆ ಚೆಂಬುಗಳ ಕತೆ ಹೇಳುತ್ತೇನೆ, ಅವರು ಬಿದ್ದು ಬಿದ್ದು ನಗುತ್ತಾರೆ. ಆದರೆ ನಾನು ಕಲಿತದ್ದು ಆ ಬೀದಿಯಲ್ಲಲ್ಲ.

ಮೆರವಣಿಗೆ ಕಳೆದು ಮತ್ತೆ ಒಂದು ಭಾನುವಾರ ಬಂತು. ಅಜ್ಜಿ ಹಿತ್ತಲ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತು ನನ್ನನ್ನು ಕರೆದಳು. ಹೋದೆ. ತಲೆ ಹಿಡಿಯಲಿಲ್ಲ, ಮೂಗು ಹಿಡಿಯಲಿಲ್ಲ. ಮೂತಿ ಸೊಟ್ಟಗಾದ ಒಳಲೆಯನ್ನು ತುಂಬಿ ನನ್ನ ಕೈಗೇ ಕೊಟ್ಟಳು.

"ಕುಡುದ್ರೆ ಒಳ್ಳೇದು. ಬ್ಯಾಡ ಅಂದ್ರೆ ಬ್ಯಾಡ ಅನ್ನು ಸಾಕಿ."

ಹುಟ್ಟಿದಾರಭ್ಯ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಎಣ್ಣೆಯನ್ನು ನೋಡಿದೆ, ಅಜ್ಜಿಯನ್ನು ನೋಡಿದೆ. ವಾಡೆಯೊಳಗಿಂದ ತಮ್ಮ ಇಣುಕುತ್ತಿದ್ದ.

"ಬ್ಯಾಡ" ಅಂದೆ.

ಆಮೇಲೆ ನಾಲ್ಕು ದಿನ ಹೊಟ್ಟೆ ಕಟ್ಟಿಕೊಂಡು ಒದ್ದಾಡಿದೆ, ಯಾರಿಗೂ ಹೇಳಲಿಲ್ಲ. ಅವತ್ತು ಅಜ್ಜಿ ಒಳಲೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಎದ್ದು ನಡುಮನೆಗೆ ಹೋಗಿ, ಒಂದು ತೊಟ್ಟೂ ಚೆಲ್ಲದಂತೆ ಅಷ್ಟೂ ಎಣ್ಣೆಯನ್ನು ದೀಪಕ್ಕೆ ಹುಯ್ದಳು.